ಗೋಡೆಗೆ ಅಂಟಿಸಿದ ನೋಟೀಸು

ರಸ್ತೆ ಮತ್ತು ಚಾಳುಗಳ ಪುನರ್ನಿರ್ಮಾಣದಲ್ಲಿ ಮುಂಬಯಿ ಕನ್ನಡಿಗನ ಸ್ಥಾನವೇನು?

ಮುಂಬಯಿಯ ಹಳೆಯ ಚಾಳೊಂದರ ಮೆಟ್ಟಲ ಬುಡದಲ್ಲಿ, ವಿದ್ಯುತ್ ಮೀಟರುಗಳ ಸಾಲಿನ ಪಕ್ಕದಲ್ಲಿ, ಒಂದು ದಿನ ಮರಾಠಿಯಲ್ಲಿ ಅಚ್ಚಾದ ಕಾಗದವೊಂದು ಅಂಟಿಕೊಂಡಿರುತ್ತದೆ. ಬೆಳಿಗ್ಗೆ ನಾಲ್ಕೂವರೆಗೆದ್ದು ಇಡ್ಲಿಯ ಒಲೆ ಹಚ್ಚಲು ಹೊರಡುವ ಭಟ್ಟರಿಗೆ ಆ ಕತ್ತಲಲ್ಲಿ ಅದು ಕಾಣುವುದಿಲ್ಲ. ಲೋಕಲ್ ಗಾಡಿ ಹಿಡಿಯುವ ಅವಸರದಲ್ಲಿರುವ ಗುಮಾಸ್ತರಿಗೆ ಕಂಡರೂ, ನಿಂತು ಓದಲು ಪುರುಸೊತ್ತಿಲ್ಲ. ರಾತ್ರಿ ಹನ್ನೊಂದರ ಮೇಲೆ ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ, ನೆಲ ತೊಳೆದು ಹಿಂದಿರುಗುವ ಮಾಣಿಗೆ ಓದುವ ತ್ರಾಣವೇ ಉಳಿದಿರುವುದಿಲ್ಲ. ಮಳೆಯ ಎರಚಲಿಗೆ ಸಿಕ್ಕಿ ಹದಿನೈದು ದಿನಗಳಲ್ಲಿ ಆ ಕಾಗದ ಹರಿದು ಬೀಳುತ್ತದೆ. ಆದರೆ ಅದರಲ್ಲಿ ಬರೆದಿದ್ದ ಗಡುವು ಯಾರಿಗಾಗಿಯೂ ಕಾಯದೆ ಮುಗಿದುಹೋಗುತ್ತದೆ.

ಇದು ಯಾವನೋ ಒಬ್ಬನ ಕಥೆಯಲ್ಲ. ಪರೇಲಿನಿಂದ ಮಾಟುಂಗದವರೆಗೆ, ಗಿರಗಾಂವಿನಿಂದ ವರಳಿಯವರೆಗೆ ನಮ್ಮವರು ವಾಸಿಸುವ ಕೇರಿಗಳಲ್ಲೆಲ್ಲ ಇಂದು ನಡೆಯುತ್ತಿರುವುದು ಇದೇ. ಒಂದು ಕಡೆ ಹಳೆಯ ಸೇತುವೆ ಮುಚ್ಚುತ್ತದೆ, ರಸ್ತೆ ಏಕಮುಖವಾಗುತ್ತದೆ. ಇನ್ನೊಂದು ಕಡೆ ಮೂರು ಅಂತಸ್ತಿನ ಚಾಳು ಬಿದ್ದು ನಲವತ್ತು ಅಂತಸ್ತಿನ ಗೋಪುರವೇಳುತ್ತದೆ. ಇವುಗಳನ್ನು ನಿರ್ಣಯಿಸುವವರು ಯಾರು, ಯಾವ ಕಾಯಿದೆಯ ಆಧಾರದಿಂದ ನಿರ್ಣಯಿಸುತ್ತಾರೆ, ಆ ನಿರ್ಣಯ ಪಕ್ವವಾಗುವ ಮೊದಲು ನಮ್ಮಂಥವರು ಬಾಯಿ ತೆರೆಯಲು ಎಡೆಯಿದೆಯೇ, ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕೇರಿಗಳನ್ನು ಕಟ್ಟಿದ ನಿರ್ಣಯಗಳು

ನಾವು ಇಂದು ಓಡಾಡುವ ಬೀದಿಗಳು ತಾವಾಗಿಯೇ ಹುಟ್ಟಿಕೊಂಡವುಗಳಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗು ಬಡಿಯಿತು. ಗಾಳಿ ಬೆಳಕುಗಳಿಲ್ಲದ ಇಕ್ಕಟ್ಟಿನ ಮನೆಗಳಲ್ಲಿ ಜನರು ಹುಳಗಳಂತೆ ಸತ್ತರು. ಅದರ ಪರಿಣಾಮವಾಗಿ 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಸ್ಥಾಪನೆಯಾಯಿತು. ಹಳೆಯ ಪಟ್ಟಣವನ್ನು ಸೀಳಿ ಪ್ರಿನ್ಸೆಸ್ ಸ್ಟ್ರೀಟಿನಂಥ ಅಗಲವಾದ ಬೀದಿಗಳನ್ನು ತೆಗೆದುದೂ, ಆಗ ಗದ್ದೆ ತೋಟಗಳಿದ್ದ ದಾದರ, ಮಾಟುಂಗಾ, ವಡಾಲಾ, ಶೀವ್ ಭಾಗಗಳಲ್ಲಿ ನಕ್ಷೆ ಹಾಕಿ ಹೊಸ ವಸತಿಗಳನ್ನು ರೂಪಿಸಿದುದೂ ಇದೇ ಟ್ರಸ್ಟು. 1933ರಲ್ಲಿ ಅದು ನಗರಪಾಲಿಕೆಯಲ್ಲಿ ವಿಲೀನಗೊಂಡಿತು.

ಆ ನಕ್ಷೆಯ ಫಲವಾಗಿ ಎದ್ದ ಮಾಟುಂಗಕ್ಕೆ ದಕ್ಷಿಣದವರು ಬಂದು ನೆಲೆಸಿದರು. 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿತು. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾ ನಿಲ್ದಾಣದ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದರು. ಬಾಳೆಯೆಲೆಯ ಊಟವೂ ಕಾಫಿಯ ಪರಿಮಳವೂ ಆ ಕೇರಿಯ ಗುರುತಾದುದಕ್ಕೆ ನಮ್ಮವರ ದುಡಿಮೆಯಷ್ಟೇ, ನಾಲ್ಕು ದಶಕಗಳ ಹಿಂದೆ ಯಾರೋ ಅಧಿಕಾರಿಗಳು ಕಾಗದದ ಮೇಲೆ ಎಳೆದ ಬೀದಿಯ ಗೆರೆಗಳೂ ಕಾರಣವಾದವು. ನಿರ್ಣಯವು ಒಂದು ಪೀಳಿಗೆಯದು; ಫಲವನ್ನುಣ್ಣುವುದು ಇನ್ನೊಂದು ಪೀಳಿಗೆ. ಸಿಹಿಗೂ ಕಹಿಗೂ ಈ ಮಾತು ಸಲ್ಲುತ್ತದೆ.

ಗಿರಣಿ ಹೋಯಿತು, ಜನಸಂದಣಿ ಬಂದಿತು

ಕಹಿಯ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಪರೇಲು, ಲಾಲಬಾಗ, ವರಳಿಗಳ ಗಿರಣಿ ಪ್ರದೇಶವನ್ನೇ ನೋಡಬಹುದು. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಪ್ರಾರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಅದರ ಬಳಿಕ ಅನೇಕ ಗಿರಣಿಗಳು ಮತ್ತೆ ಚೇತರಿಸಿಕೊಳ್ಳಲಿಲ್ಲ. ಗಿರಣಿಯ ಭೋಂಗಾದೊಡನೆ ಬಾಗಿಲು ತೆರೆದು, ಮೂರು ಪಾಳಿಗಳ ಜನಕ್ಕೆ ಚಹಾ ತಿಂಡಿ ಒದಗಿಸುತ್ತಿದ್ದ ಸಣ್ಣ ಹೋಟೆಲುಗಳಿಗೂ ಖಾನಾವಳಿಗಳಿಗೂ ಗಿರಾಕಿಗಳಿಲ್ಲದಂತಾಯಿತು.

ಬಳಿಕ ಪ್ರಶ್ನೆ ಎದ್ದುದು ಆ ನೆಲದ ಕುರಿತು. 1991ರ ನಿಯಮಾವಳಿಯ 58ನೆಯ ನಿಯಮವು, ಗಿರಣಿಯ ಜಾಗವನ್ನು ಅಭಿವೃದ್ಧಿಪಡಿಸುವಾಗ ಒಂದು ಪಾಲು ಬಯಲಿಗಾಗಿ ನಗರಪಾಲಿಕೆಗೆ, ಇನ್ನೊಂದು ಪಾಲು ಸಾಮಾನ್ಯರ ವಸತಿಗಾಗಿ ಮ್ಹಾಡಾಕ್ಕೆ, ಉಳಿದುದು ಮಾಲಕನಿಗೆ ಎಂಬ ತತ್ತ್ವವನ್ನು ಹಾಕಿಕೊಟ್ಟಿತ್ತು. 2001ರಲ್ಲಿ ಆ ನಿಯಮಕ್ಕೆ ತಿದ್ದುಪಡಿಯಾಯಿತು. ಕಟ್ಟಡಗಳು ನಿಂತ ನೆಲವನ್ನು ಬಿಟ್ಟು, ಖಾಲಿ ಬಿದ್ದ ನೆಲವನ್ನು ಮಾತ್ರ ಪಾಲು ಮಾಡಿದರೆ ಸಾಕೆಂದಾಯಿತು. ನಗರಕ್ಕೂ ಬಡವರಿಗೂ ದೊರೆಯಬೇಕಾಗಿದ್ದ ನೆಲ ಇದರಿಂದ ಬಹಳ ಕುಗ್ಗಿತು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2006ರಲ್ಲಿ ತಿದ್ದುಪಡಿಯೇ ಊರ್ಜಿತವಾಯಿತು.

ಗಿರಣಿಗಳ ಜಾಗದಲ್ಲಿ ಕಚೇರಿಗಳ ಮಹಲುಗಳೆದ್ದವು. ಗಿರಣಿ ಕಾರ್ಮಿಕನು ಹತ್ತಿರದ ಚಾಳಿನಿಂದ ನಡೆದೇ ಬರುತ್ತಿದ್ದವನು. ಕಚೇರಿಯ ಗುಮಾಸ್ತನು ಠಾಣೆ, ಡೊಂಬಿವಲಿ, ವಸಾಯಿಗಳಿಂದ ರೈಲಿನಲ್ಲಿ ಬರತಕ್ಕವನು. ನೆಲದ ಉಪಯೋಗ ಬದಲಾಯಿತು, ರೈಲು ನಿಲ್ದಾಣದ ಮೆಟ್ಟಿಲು ಬದಲಾಗಲಿಲ್ಲ. 2017ರ ಸೆಪ್ಟೆಂಬರ 29, ವಿಜಯದಶಮಿಯ ಮುನ್ನಾದಿನ. ಎಲ್ಫಿನ್ಸ್ಟನ್ ರೋಡ್ ಮತ್ತು ಪರೇಲು ನಿಲ್ದಾಣಗಳನ್ನು ಜೋಡಿಸುವ ಕಾಲುಸೇತುವೆಯ ಮೇಲೆ, ಮಳೆಗೆ ನಿಂತಿದ್ದ ಜನರ ನಡುವೆ ನೂಕುನುಗ್ಗಲಾಗಿ 23 ಮಂದಿ ಮಡಿದರು. ನಾವು ಆ ದಿನ ಗಲ್ಲೆಗೂ ಗ್ರೈಂಡರಿಗೂ ಹೂವಿಟ್ಟು ಆಯುಧಪೂಜೆ ಮಾಡುವವರು. ಪ್ರಸಾದ ಹಂಚುವ ಹೊತ್ತಿಗೆ ಆ ವಾರ್ತೆ ಬಂದುದನ್ನು ಅನೇಕರು ಇನ್ನೂ ಮರೆತಿಲ್ಲ. ಸೈನ್ಯದ ಇಂಜಿನಿಯರರು ಕೆಲವೇ ತಿಂಗಳುಗಳಲ್ಲಿ ಕಟ್ಟಿದ ಹೊಸ ಕಾಲುಸೇತುವೆ 2018ರ ಫೆಬ್ರವರಿಯಲ್ಲಿ ಬಳಕೆಗೆ ಬಂತು; ಅದೇ ವರ್ಷ ನಿಲ್ದಾಣಕ್ಕೆ ಪ್ರಭಾದೇವಿ ಎಂಬ ಹೆಸರಾಯಿತು. ನಿವೇಶನದ ಪುನರ್ನಿರ್ಮಾಣವೂ ಸಂಚಾರವೂ ಬೇರೆ ಬೇರೆ ವಿಷಯಗಳೆಂದು ಭಾವಿಸುವವರಿಗೆ ಈ ಘಟನೆಗಿಂತ ಸ್ಪಷ್ಟವಾದ ಉತ್ತರ ಬೇಕಾಗಿಲ್ಲ.

ಅಲ್ಲಿಯೇ ಸಮೀಪದಲ್ಲಿ, ವಾಹನಗಳು ಓಡಾಡುತ್ತಿದ್ದ ಶತಮಾನ ಹಳೆಯ ಎಲ್ಫಿನ್ಸ್ಟನ್ ಸೇತುವೆಯನ್ನು 2025ರ ಸೆಪ್ಟೆಂಬರ 12ರ ರಾತ್ರಿ ಮುಚ್ಚಲಾಯಿತು. ಶಿವಡಿಯಿಂದ ವರಳಿಗೆ ಹೋಗುವ ಸುಮಾರು ನಾಲ್ಕೂವರೆ ಕಿಲೋಮೀಟರಿನ ಮೇಲ್ರಸ್ತೆಗಾಗಿ ಅದನ್ನು ಕೆಡವಿ, ಎರಡಂತಸ್ತಿನ ಹೊಸ ಸೇತುವೆಯನ್ನು ಕಟ್ಟುವುದು ಯೋಜನೆ. ವಾಹನಗಳು ದಾದರದ ತಿಲಕ ಸೇತುವೆಗೂ, ಕರಿ ರೋಡ್ ಮತ್ತು ಚಿಂಚಪೋಕಳಿಯ ಸೇತುವೆಗಳಿಗೂ ತಿರುಗಿಸಲ್ಪಟ್ಟವು. ವಾಚಕರು ಗಮನಿಸಬೇಕಾದ ಸಂಗತಿ ಬೇರೊಂದಿದೆ. ಈ ಸೇತುವೆಯನ್ನು ಎಪ್ರಿಲಿನಲ್ಲಿಯೇ ಮುಚ್ಚಬೇಕೆಂದಿತ್ತು. ಯೋಜನೆಯಿಂದ ಮನೆ ಕಳೆದುಕೊಳ್ಳಲಿದ್ದ ಕಟ್ಟಡಗಳ ನಿವಾಸಿಗಳು ಬೀದಿಗಿಳಿದು, ತಮಗೆ ಅದೇ ಪರಿಸರದಲ್ಲಿ ಮನೆ ಬೇಕೆಂದು ಹಟ ಹಿಡಿದುದರಿಂದ ಮುಚ್ಚುವಿಕೆ ಮುಂದಕ್ಕೆ ಹೋಯಿತು. ಒಂದು ಮಹಾಯೋಜನೆಯನ್ನು ತಿಂಗಳುಗಟ್ಟಲೆ ನಿಲ್ಲಿಸಿದವರು ಧನವಂತರೂ ಅಲ್ಲ, ಅಧಿಕಾರಸ್ಥರೂ ಅಲ್ಲ. ಒಟ್ಟಾಗಿ ನಿಂತ ನೆರೆಹೊರೆಯವರು.

ಬೀದಿಯ ಯಜಮಾನರಾರು?

ತಮ್ಮ ಹೋಟೆಲಿನ ಮುಂದಿನ ರಸ್ತೆ ಒಮ್ಮೆಲೇ ಏಕಮುಖವಾದಾಗ, ಅಥವಾ ಬಸ್ಸಿನ ತಂಗುದಾಣ ನೂರು ಮಾರು ಆಚೆ ಸರಿದಾಗ, ನಮ್ಮವರು ಯಾರ ಬಳಿಗೆ ಹೋಗಬೇಕೆಂದು ತಿಳಿಯದೆ ಕಚೇರಿಯಿಂದ ಕಚೇರಿಗೆ ಅಲೆಯುವುದುಂಟು. ಇದಕ್ಕೆ ಕಾರಣವಿದೆ. ಮುಂಬಯಿಯ ಬೀದಿಗೆ ಯಜಮಾನರು ಹಲವರು. ಬಹುತೇಕ ರಸ್ತೆ, ಕಾಲುದಾರಿ, ಚರಂಡಿಗಳು ನಗರಪಾಲಿಕೆಯ ವಶದಲ್ಲಿವೆ. ಆ ರಸ್ತೆಯಲ್ಲಿ ವಾಹನ ಯಾವ ಕಡೆ ಹೋಗಬೇಕು, ಎಲ್ಲಿ ನಿಲ್ಲಬಾರದು, ಭಾರದ ಲಾರಿ ಯಾವ ಹೊತ್ತಿಗೆ ಬರಬಾರದು ಎಂಬುದನ್ನು ಆಜ್ಞಾಪಿಸುವವರು ಸಂಚಾರ ಪೋಲೀಸರು. ದೊಡ್ಡ ಮೇಲ್ಸೇತುವೆ, ಮೇಲ್ರಸ್ತೆ, ಮೆಟ್ರೋಗಳ ಪೈಕಿ ಹಲವನ್ನು ಕಟ್ಟುವುದು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ. ಬಸ್ಸುಗಳು ಬೆಸ್ಟ್ ಸಂಸ್ಥೆಯವು. ರೈಲು ಹಳಿಯ ಮೇಲಿನ ಸೇತುವೆಯಾದರೆ ರೈಲ್ವೆಯ ಒಪ್ಪಿಗೆಯೂ ಬೇಕು.

1988ರ ಮೋಟಾರು ವಾಹನ ಕಾಯಿದೆಯ 115ನೆಯ ಕಲಮು ವಾಹನ ಸಂಚಾರವನ್ನು ನಿರ್ಬಂಧಿಸುವ ಅಧಿಕಾರವನ್ನು ಕೊಡುತ್ತದೆ. ನಿರ್ಬಂಧವು ಒಂದು ತಿಂಗಳಿಗೆ ಮೀರದಿದ್ದರೆ ಅದನ್ನು ಗೆಜೆಟ್ಟಿನಲ್ಲಿ ಪ್ರಕಟಿಸಬೇಕಾಗಿಲ್ಲ. ಸ್ಥಳೀಯವಾಗಿ ಸಾರಿದರೆ ಸಾಕು. 'ಪ್ರಾಯೋಗಿಕ' ಎಂಬ ಹೆಸರಿನಲ್ಲಿ ಬರುವ ಬದಲಾವಣೆಗಳ ಮರ್ಮವನ್ನು ಇಲ್ಲಿ ತಿಳಿದುಕೊಳ್ಳಬೇಕು. ಪ್ರಯೋಗದ ಕಾಲದಲ್ಲಿ ಆಕ್ಷೇಪವೇಳದಿದ್ದರೆ ಎಲ್ಲರಿಗೂ ಸಮ್ಮತವೆಂದೇ ಭಾವಿಸಿ ಅದನ್ನು ಖಾಯಂ ಮಾಡುವುದು ಸುಲಭ. ಆದುದರಿಂದ ಹೇಳತಕ್ಕದ್ದನ್ನು ಆ ಮೊದಲನೆಯ ತಿಂಗಳಿನಲ್ಲಿಯೇ ಹೇಳಬೇಕು. ಅದೂ ಬರವಣಿಗೆಯಲ್ಲಿ. ಗಲ್ಲೆಯ ಮೇಲೆ ಕುಳಿತು ಪೋಲೀಸರನ್ನು ಬಯ್ದರೆ ಫಲವಿಲ್ಲ. "ಈ ಬದಲಾವಣೆಯಿಂದ ಶಾಲೆಯ ಮಕ್ಕಳು ಇಂಥ ಸ್ಥಳದಲ್ಲಿ ರಸ್ತೆ ದಾಟಬೇಕಾಗಿದೆ, ಹಾಲಿನ ಗಾಡಿ ಇಂಥ ಸ್ಥಳದಲ್ಲಿ ನಿಲ್ಲಬೇಕಾಗಿದೆ" ಎಂದು ಸ್ಥಳ, ಸಮಯ ಸಹಿತ ಬರೆದುಕೊಟ್ಟ ಅರ್ಜಿಗೆ ಬೆಲೆಯುಂಟು.

ಇಲ್ಲಿ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಹೋಟೆಲಿನ ಮುಂದೆ ವಾಹನ ನಿಲ್ಲಬಾರದೆಂದ ಮಾತ್ರಕ್ಕೆ ಆ ನಿರ್ಣಯ ತಪ್ಪೆನ್ನಲಾಗದು. ನಮ್ಮ ಗಿರಾಕಿಗಳಲ್ಲಿ ಕಾರಿನಲ್ಲಿ ಬರುವವರಿಗಿಂತ ನಡೆದು ಬರುವವರೇ ಹೆಚ್ಚು. ಕಾಲುದಾರಿ ಅಗಲವಾದರೆ, ಅದರ ಮೇಲೆ ನಮ್ಮದೇ ಸಿಲಿಂಡರುಗಳೂ ತರಕಾರಿಯ ಗೋಣಿಗಳೂ ಇಲ್ಲದಿದ್ದರೆ, ಲಾಭ ನಮಗೇ. ಪರರ ಅತಿಕ್ರಮಣವನ್ನು ದೂರುವವನ ಹೊಸ್ತಿಲು ಮೊದಲು ಚೊಕ್ಕಟವಾಗಿರಬೇಕು.

ಹಳೆಯ ಕಟ್ಟಡಗಳ ಗತಿ

ಈಗ ಚಾಳುಗಳ ವಿಚಾರ. 1947ರ ಬಾಡಿಗೆ ಕಾಯಿದೆಯು ಬಾಡಿಗೆಗಳನ್ನು 1940ರ ಸೆಪ್ಟೆಂಬರ 1ರ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆದಾರನಿಗೆ ಅದು ದೊಡ್ಡ ಆಸರೆಯಾಯಿತು. ಆದರೆ ಕೆಲವೇ ರೂಪಾಯಿಗಳ ಬಾಡಿಗೆಯಲ್ಲಿ ಕಟ್ಟಡದ ದುರಸ್ತಿ ಮಾಡಿಸಲು ಮಾಲಕನು ಮುಂದಾಗಲಿಲ್ಲ. ಬಾಡಿಗೆಯ ಕೊರತೆಯನ್ನು ಪಗಡಿಯ ರೂಪದಲ್ಲಿ ಕೈಯಿಂದ ಕೈಗೆ ತುಂಬಿಕೊಳ್ಳುವ ಪದ್ಧತಿ ಬೆಳೆಯಿತು. ಗೋಡೆ ಬಿರುಕು ಬಿಟ್ಟಿತು, ತೊಲೆ ಹುಳು ಹಿಡಿಯಿತು, ಮಳೆಗಾಲದಲ್ಲಿ ಕಟ್ಟಡಗಳು ಉರುಳಿದವು. ಆಗ 1969ರಲ್ಲಿ ಸರಕಾರವು ಒಂದು ಕಾಯಿದೆ ಮಾಡಿ, ಹಳೆಯ ಕಟ್ಟಡಗಳಿಂದ ಸೆಸ್ ವಸೂಲು ಮಾಡಿ ದುರಸ್ತಿ ನಡೆಸಲು ಮಂಡಲಿಯೊಂದನ್ನು ಸ್ಥಾಪಿಸಿತು. ಆಗ ಲೆಕ್ಕಕ್ಕೆ ಬಂದ ಕಟ್ಟಡಗಳು 19,642. 1977ರಲ್ಲಿ ಮ್ಹಾಡಾ ಸ್ಥಾಪನೆಯಾದಾಗ ಆ ಕೆಲಸ ಅದರ ಪಾಲಿಗೆ ಬಂತು. 1947ರ ಕಾಯಿದೆಯ ಸ್ಥಾನದಲ್ಲಿ 2000ದ ಮಾರ್ಚ್ 31ರಿಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ ಜಾರಿಯಲ್ಲಿದೆ.

ದುರಸ್ತಿಯಿಂದ ಉಳಿಯಲಾರದ ಕಟ್ಟಡಗಳಿಗಾಗಿ 33ನೆಯ ನಿಯಮದ 7ನೆಯ ಉಪನಿಯಮವಿದೆ. ಅದರ ಯುಕ್ತಿ ಹೀಗೆ: ಹಳೆಯ ಬಾಡಿಗೆದಾರರಿಗೆಲ್ಲ ಅದೇ ಜಾಗದಲ್ಲಿ ಉಚಿತವಾಗಿ ಹೊಸ ಮನೆ ಕೊಡಬೇಕು, ಅದಕ್ಕೆ ಪ್ರತಿಫಲವಾಗಿ ಕಟ್ಟುವವನಿಗೆ ಹೆಚ್ಚು ಅಂತಸ್ತುಗಳನ್ನೇರಿಸಿ ಮಾರುವ ಹಕ್ಕು ದೊರೆಯುತ್ತದೆ. ನಿವೇಶನದ ಮೇಲೆ ಎಷ್ಟು ಪಟ್ಟು ಕಟ್ಟಬಹುದೆಂಬ ಈ ಲೆಕ್ಕಕ್ಕೆ ಎಫ್.ಎಸ್.ಐ. ಎಂದು ಹೆಸರು. ಸಾವಿರ ಚದರಡಿಯ ನಿವೇಶನಕ್ಕೆ ಎಫ್.ಎಸ್.ಐ. 3 ಆದರೆ ಮೂರು ಸಾವಿರ ಚದರಡಿ ಕಟ್ಟಬಹುದು. ವಾಸದ ಬಾಡಿಗೆದಾರನಿಗೆ ಕಡಿಮೆಯೆಂದರೆ 300 ಚದರಡಿ ಸಿಗಬೇಕು. ಅಂಗಡಿ ಹೋಟೆಲುಗಳಿಗೆ ಹಳೆಯ ಕಟ್ಟಡದಲ್ಲಿ ಇದ್ದಷ್ಟೇ ಜಾಗ. ಇದಕ್ಕೆ ಮೊದಲು ನೂರರಲ್ಲಿ 70 ಮಂದಿಯ ಲಿಖಿತ ಒಪ್ಪಿಗೆ ಬೇಕಾಗಿತ್ತು. ಈಗ 51 ಸಾಕು. ಅಂದರೆ ಉಳಿದ 49 ಮಂದಿ ಒಲ್ಲೆವೆಂದರೂ ಕೆಲಸ ನಿಲ್ಲುವುದಿಲ್ಲ. ಒಪ್ಪಿಗೆಯ ಕಾಗದದ ಮೇಲೆ ಸಹಿ ಹಾಕುವ ಮುನ್ನ ಎರಡು ಸಲ ಓದಬೇಕಾದುದು ಇದಕ್ಕಾಗಿಯೇ.

ವಿಳಂಬಕ್ಕೂ ಬೆಲೆಯುಂಟು. ಭೇಂಡಿ ಬಜಾರದಲ್ಲಿ ಹದಿನಾರೂವರೆ ಎಕರೆ ನೆಲದ ಹಳೆಯ ಕಟ್ಟಡಗಳನ್ನೆಲ್ಲ ಒಟ್ಟಾಗಿ ಕಟ್ಟುವ ಯೋಜನೆ ಕೈಗೊಂಡಿದ್ದಾಗಲೇ, 2017ರ ಆಗಸ್ಟ್ 31ರಂದು ಅಲ್ಲಿಯ ಹುಸೇನಿ ಕಟ್ಟಡ ಕುಸಿದು 33 ಮಂದಿ ಪ್ರಾಣ ಕಳೆದುಕೊಂಡರು. ಆತುರಕ್ಕೂ ಬೆಲೆಯುಂಟು. ಗೋರೆಗಾಂವಿನ ಪತ್ರಾ ಚಾಳಿನ 672 ಬಾಡಿಗೆದಾರರು 2008ರ ಒಪ್ಪಂದವನ್ನು ನಂಬಿ ಮನೆ ಖಾಲಿ ಮಾಡಿದರು. ಕೆಲಸ ನಿಂತಿತು, ಹೊರಗಿನ ವಸತಿಗಾಗಿ ಕೊಡುತ್ತಿದ್ದ ಬಾಡಿಗೆಯೂ ನಿಂತಿತು. 2018ರಲ್ಲಿ ಒಪ್ಪಂದ ರದ್ದಾಗಿ ಮ್ಹಾಡಾವೇ ಕೆಲಸವನ್ನು ಕೈಗೆತ್ತಿಕೊಳ್ಳಬೇಕಾಯಿತು. ಹೊರಟವರಲ್ಲಿ ಹಲವರು ಹೊಸ ಮನೆಯ ಬಾಗಿಲನ್ನು ಕಾಣದೆಯೇ ಕಣ್ಣು ಮುಚ್ಚಿದರು.

ಒಳ್ಳೆಯ ವಾರ್ತೆಯೂ ಇಲ್ಲದಿಲ್ಲ. 1920ರ ದಶಕದಲ್ಲಿ ಕಟ್ಟಿದ ಬಿ.ಡಿ.ಡಿ. ಚಾಳುಗಳು ವರಳಿಯಲ್ಲಿ 121, ನಾಯಗಾಂವಿನಲ್ಲಿ 42, ಎನ್. ಎಂ. ಜೋಶಿ ಮಾರ್ಗದಲ್ಲಿ 32, ಶಿವಡಿಯಲ್ಲಿ 12. ಒಂದೊಂದರಲ್ಲಿ 80 ಖೋಲಿಗಳು. ಖೋಲಿಯೊಂದಕ್ಕೆ 160 ಚದರಡಿ. ಇಂಥ ಖೋಲಿಯಲ್ಲಿ ಮೂರು ತಲೆಮಾರುಗಳು ಬಾಳಿದವು. ವರಳಿಯಲ್ಲಿ ಪುನರ್ನಿರ್ಮಾಣದ ಮೊದಲ ಕಂತಾಗಿ 2025ರ ಆಗಸ್ಟ್ 14ರಂದು 556 ಕುಟುಂಬಗಳಿಗೆ 500 ಚದರಡಿಯ ಮನೆಗಳ ಬೀಗದ ಕೈ ದೊರೆಯಿತು. ಸರಕಾರಿ ಸಂಸ್ಥೆಯೇ ಹೊಣೆ ಹೊತ್ತು ನಿಂತರೆ ಕೆಲಸ ತಡವಾದರೂ ಕೈಗೂಡುತ್ತದೆಂಬುದಕ್ಕೆ ಇದು ನಿದರ್ಶನ.

ಪಟ್ಟಿಯಲ್ಲಿ ಇಲ್ಲದವನು

ಇಷ್ಟೆಲ್ಲ ಓದಿದ ಮೇಲೆ ಹೋಟೆಲಿನ ಮಾಣಿಯೊಬ್ಬನು, "ಇದರಲ್ಲಿ ನನಗೆ ಸಂಬಂಧಿಸಿದ್ದು ಏನು ಸ್ವಾಮೀ?" ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಈ ಕಾಯಿದೆಗಳೆಲ್ಲ ಬಾಡಿಗೆಯ ರಸೀದಿ ಇದ್ದವನ ಕುರಿತಾಗಿವೆ. ನಮ್ಮವರಲ್ಲಿ ಎಷ್ಟು ಮಂದಿಯ ಹೆಸರಿನಲ್ಲಿ ರಸೀದಿ ಇದೆ?

ಮೊದಲು ಹೋಟೆಲು ನಡೆಸುವ ಧಣಿಯನ್ನೇ ತೆಗೆದುಕೊಳ್ಳೋಣ. ಬೋರ್ಡಿನ ಮೇಲೆ ಅವನ ಮನೆದೇವರ ಹೆಸರು; ಗಲ್ಲೆಯ ಮೇಲೆ ಅವನ ಅಳಿಯ. ಆದರೆ ಜಾಗ ಬೇರೊಬ್ಬನದು. ಇವನು ನಡೆಸುವುದು ಕಂಡಕ್ಟಿಂಗ್ ಕರಾರಿನ ಮೇಲೆ. ಹನ್ನೊಂದು ತಿಂಗಳಿಗೋ ಮೂರು ವರ್ಷಕ್ಕೋ ಮತ್ತೆ ಮತ್ತೆ ಬರೆದುಕೊಂಡ ಆ ಕರಾರು ಇಪ್ಪತ್ತು ವರ್ಷ ನಡೆದರೂ ಬಾಡಿಗೆಯ ಹಕ್ಕಾಗುವುದಿಲ್ಲ. 1973ರ ಫೆಬ್ರವರಿ 1ರಂದು ಜಾಗದಲ್ಲಿದ್ದ ಲೈಸೆನ್ಸುದಾರರನ್ನು ಬಾಡಿಗೆದಾರರೆಂದು ಕಾಯಿದೆ ಒಪ್ಪಿಕೊಂಡಿತ್ತು. ಆದರೆ ಇನ್ನೊಬ್ಬನ ನಡೆಯುತ್ತಿರುವ ವ್ಯಾಪಾರವನ್ನು ಕಂಡಕ್ಟಿಂಗ್ ಮಾಡುವವನಿಗೆ ಆ ರಕ್ಷಣೆಯನ್ನು ಕೊಡಲಿಲ್ಲ. 33ರ 7ನೆಯ ನಿಯಮದಲ್ಲಿಯೂ 1996ರ ಜೂನ್ 13ರ ಬಳಿಕ ಹೊಸದಾಗಿ ಹುಟ್ಟಿಸಿದ ಬಾಡಿಗೆಯ ಹಕ್ಕುಗಳು ಲೆಕ್ಕಕ್ಕೆ ಬರುವುದಿಲ್ಲ. ಕಟ್ಟಡ ಬೀಳುವ ದಿನ ಹೊಸ ಜಾಗದ ಹಕ್ಕು ಮೂಲ ಬಾಡಿಗೆದಾರನಿಗೆ. ಇಪ್ಪತ್ತು ವರ್ಷ ಹೊಗೆ ಕುಡಿದವನಿಗೆ ಪಾತ್ರೆ ಪಗಡಗಳು.

ಇನ್ನು ಆ ಹೋಟೆಲಿನ ಅಡಿಗೆಯವನು, ಮಾಣಿ, ಕ್ಲೀನರು ಇವರ ಪಾಡೇನು? ಅಟ್ಟದ ಮೇಲೆ ಮಲಗುವವನು ಯಾವ ಪಟ್ಟಿಯಲ್ಲಿಯೂ ನಿವಾಸಿಯಲ್ಲ. ಒಂದೇ ಊರಿನವರು ಎಂಟು ಹತ್ತು ಮಂದಿ ಸೇರಿ, ಬಾಡಿಗೆ ಹಂಚಿಕೊಂಡು, ಪಾಳಿಯ ಮೇಲೆ ಮಲಗುವ 'ರೂಮು' ಯಾರೋ ಒಬ್ಬರ ಹೆಸರಿನಲ್ಲಿರುತ್ತದೆ. ಆ ಒಬ್ಬರು ಊರಿಗೆ ಹೋಗಿ ತೀರಿಕೊಂಡು ಎಷ್ಟೋ ಕಾಲವಾಗಿರಲೂಬಹುದು. ಮನೆ ಸಮೀಕ್ಷೆಗೆ ಬಂದವರು ಬಾಗಿಲು ತಟ್ಟುವುದು ಹಗಲು ಹನ್ನೊಂದಕ್ಕೆ. ಆಗ ರೂಮಿನಲ್ಲಿರುವುದು ಬೀಗ ಮಾತ್ರ. 'ಬಾಗಿಲು ಹಾಕಿತ್ತು' ಎಂಬ ಎರಡು ಪದಗಳ ಷರಾ ಎಂಟು ಮಂದಿಯ ವಾಸಸ್ಥಾನವನ್ನು ಅಳಿಸಿಬಿಡುತ್ತದೆ.

ಹೋಟೆಲು ಮುಚ್ಚಿದರೆ ಕೆಲಸವೂ ಹೋಗುತ್ತದೆ, ಮಲಗುವ ಸ್ಥಳವೂ ಹೋಗುತ್ತದೆ, ಎರಡು ಹೊತ್ತಿನ ಊಟವೂ ಹೋಗುತ್ತದೆ. ಹೊಸ ಮನೆಯ ಮೇಲೆ ಅವನಿಗೆ ಹಕ್ಕಿಲ್ಲದಿರಬಹುದು. ಮಾಡಿದ ದುಡಿಮೆಯ ಮೇಲೆ ಹಕ್ಕುಂಟು. ಬಾಕಿ ಸಂಬಳ, ಭವಿಷ್ಯನಿಧಿ, ಹಾಗೂ ಸಾಮಾನ್ಯವಾಗಿ ಐದು ವರ್ಷದ ನಿರಂತರ ಸೇವೆಗೆ ದೊರೆಯುವ ಗ್ರ್ಯಾಚುಯಿಟಿ, ಇವು ಅವನಿಗೆ ಸಲ್ಲತಕ್ಕವು. ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನು ತನ್ನ ಸೇವೆಯನ್ನು ಯಾವ ಬಾಯಿಯಿಂದ ಸಾಬೀತುಪಡಿಸಿಯಾನು? ಧಣಿಗಳಾಗಿರುವ ವಾಚಕರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ತಮ್ಮ ಹೆಸರು ಚಾಳಿನ ಪಟ್ಟಿಯಲ್ಲಿ ಇಲ್ಲವೆಂದು ಮರುಗುವವರು, ತಮ್ಮ ಹಾಜರಿ ಪುಸ್ತಕದಲ್ಲಿ ಯಾರ ಯಾರ ಹೆಸರಿಲ್ಲವೆಂಬುದನ್ನು ಒಮ್ಮೆ ನೋಡುವುದು ಧರ್ಮ.

ಮಾಟುಂಗದ ಒಂದು ದೃಷ್ಟಾಂತ

ಹೇಳಿದ್ದೆಲ್ಲ ನಿರಾಶೆಯ ಮಾತೇ ಆಗಬಾರದು. ಮಾಟುಂಗದಲ್ಲಿ ಬಾಬಾಸಾಹೇಬ ಅಂಬೇಡ್ಕರ್ ರಸ್ತೆಯ ಮೇಲ್ಸೇತುವೆಯ ಕೆಳಗೆ ಇಂದು ಹೋಗಿ ನೋಡಿರಿ. ಸುಮಾರು 600 ಮೀಟರು ಉದ್ದದ ಉದ್ಯಾನವೊಂದಿದೆ. ನರ್ಮದಾ ನದಿಯ ಹರಿವನ್ನು ಹೋಲುವಂತೆ ನೀಲಿ ಬಣ್ಣದ ದಾರಿಯನ್ನು ಅದರ ಉದ್ದಕ್ಕೂ ಹಾಸಿದ್ದಾರೆ. ಎರಡೂ ಪಕ್ಕಗಳಲ್ಲಿ ವಾಹನಗಳು ಭರ್ರನೆ ಓಡುತ್ತಿರುವಾಗ, ನಡುವೆ ಮುದುಕರು ವಾಯುಸೇವನೆ ಮಾಡುತ್ತಾರೆ, ಮಕ್ಕಳು ಆಡುತ್ತಾರೆ.

ಸೇತುವೆ ಕಟ್ಟಿ ಮುಗಿದಾಗ ಅಲ್ಲಿ ಇದ್ದುದು ಉದ್ಯಾನವಲ್ಲ. ಕಸ, ಜೂಜು, ಮಾದಕ ವಸ್ತು ಸೇವಿಸುವವರ ಠಾವು ಅದಾಗಿತ್ತು. ವಾಹನ ನಿಲುಗಡೆಯ ತಾಣವಾಗುವ ಭಯವೂ ಇತ್ತು. ಕೇರಿಯ ನಿವಾಸಿಗಳು ಗೊಣಗುತ್ತ ಕುಳಿತುಕೊಳ್ಳಲಿಲ್ಲ. ತಮ್ಮ ತಮ್ಮಲ್ಲಿ ಹಣ ಕೂಡಿಸಿ ಕಾವಲುಗಾರರನ್ನಿಟ್ಟರು. ನಗರಪಾಲಿಕೆಗೆ ಮನವಿಯ ಮೇಲೆ ಮನವಿ ಕೊಟ್ಟರು. ಸೇತುವೆಗಳ ಕೆಳಗೆ ವಾಹನ ನಿಲ್ಲಿಸಬಾರದೆಂದು ಉಚ್ಚ ನ್ಯಾಯಾಲಯವು ಕೊಟ್ಟ ಆಜ್ಞೆ ಅವರ ಬೆನ್ನಿಗಿತ್ತು. ಹಲವು ವರ್ಷಗಳ ಓಡಾಟದ ನಂತರ 2016ರಲ್ಲಿ ನಾನಾಲಾಲ್ ಡಿ. ಮೆಹತಾ ಉದ್ಯಾನ ಎಂಬ ಹೆಸರಿನಿಂದ ಅದು ತೆರೆಯಿತು.

ಈ ದೃಷ್ಟಾಂತದಲ್ಲಿ ಗಮನಿಸತಕ್ಕದ್ದು ಹೂಗಿಡಗಳನ್ನಲ್ಲ, ಕ್ರಮವನ್ನು. ಅವರು ಬೇಡಿದ್ದು ಒಂದೇ ನಿಶ್ಚಿತವಾದ ಸಂಗತಿಯನ್ನು. ಬೇಡಿದ್ದು ಅದನ್ನು ಕೊಡಬಲ್ಲ ಕಚೇರಿಯನ್ನು. ಬೇಡಿದವರು ಒಬ್ಬಿಬ್ಬರಲ್ಲ, ಇಡೀ ಕೇರಿ.

ನಾವು ಮಾಡತಕ್ಕದ್ದು

ಯೋಜನೆಗಳ ವಿಷಯದಲ್ಲಿ ಕಾಯಿದೆಯು ಸಾಮಾನ್ಯನಿಗೆ ಒಂದು ಕಿಂಡಿಯನ್ನು ತೆರೆದಿಟ್ಟಿದೆ. 1966ರ ಪ್ರಾದೇಶಿಕ ಮತ್ತು ನಗರಯೋಜನಾ ಕಾಯಿದೆಯ 37ನೆಯ ಕಲಮಿನಂತೆ ಅಭಿವೃದ್ಧಿ ಯೋಜನೆಯಲ್ಲಿ ಬದಲಾವಣೆ ಮಾಡುವಾಗ ಪ್ರಕಟಣೆ ಹೊರಡಿಸಿ, ಒಂದು ತಿಂಗಳೊಳಗೆ ಯಾರಿಂದಲಾದರೂ ಆಕ್ಷೇಪ ಸೂಚನೆಗಳನ್ನು ಸ್ವೀಕರಿಸಬೇಕು. 'ಯಾರಿಂದಲಾದರೂ' ಎಂಬ ಪದವನ್ನು ಗಮನಿಸಿರಿ. ರಸೀದಿ ಇಲ್ಲದ ಮಾಣಿಯೂ ಅದರಲ್ಲಿ ಸೇರಿದವನೇ. 2015ರ ಫೆಬ್ರವರಿಯಲ್ಲಿ ಮುಂಬಯಿಯ ಹೊಸ ಅಭಿವೃದ್ಧಿ ಯೋಜನೆಯ ಕರಡು ಹೊರಬಿದ್ದಾಗ, ತಪ್ಪುಗಳನ್ನು ಎತ್ತಿ ತೋರಿಸಿ ಸಹಸ್ರಾರು ಆಕ್ಷೇಪಗಳು ಬಂದವು. ಎಪ್ರಿಲಿನಲ್ಲಿ ಸರಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡು ತಿದ್ದುವಂತೆ ಆಜ್ಞಾಪಿಸಬೇಕಾಯಿತು. 2016ರಲ್ಲಿ ತಿದ್ದಿದ ಕರಡು ಬಂದು, 2018ರಲ್ಲಿ ಯೋಜನೆ ಜಾರಿಗೆ ಬಂತು. 2022ರ ಮಾರ್ಚಿನಲ್ಲಿ ಹಿಂದಿನ ಸಭೆಯ ಅವಧಿ ಮುಗಿದ ಮೇಲೆ ಕೆಲವು ವರ್ಷ ನಗರಪಾಲಿಕೆಯಲ್ಲಿ ಚುನಾಯಿತ ನಗರಸೇವಕರೇ ಇರಲಿಲ್ಲ, ಆಡಳಿತಾಧಿಕಾರಿಯೇ ಸರ್ವಸ್ವವಾಗಿದ್ದರು. ಅಂಥ ಕಾಲದಲ್ಲಿಯೂ ಲಿಖಿತ ಆಕ್ಷೇಪದ ಕಿಂಡಿ ಮುಚ್ಚಿರಲಿಲ್ಲ.

ಕಟ್ಟಡದ ವಿಷಯದಲ್ಲಿ ಮೂರು ಸಂಗತಿಗಳನ್ನು ನೆನಪಿಡಬೇಕು. 30 ವರ್ಷ ಮೀರಿದ ಕಟ್ಟಡದ ಭದ್ರತೆಯನ್ನು ಇಂಜಿನಿಯರರಿಂದ ಪರೀಕ್ಷೆ ಮಾಡಿಸತಕ್ಕದ್ದು. ಪರೀಕ್ಷೆಯಲ್ಲಿ ಸಿ-1 ಎಂದು ಬಂದರೆ ಕಟ್ಟಡ ವಾಸಕ್ಕೆ ಅಪಾಯಕಾರಿ, ತೆರವು ಮಾಡಿ ಕೆಡಹತಕ್ಕದ್ದೆಂದು ಅರ್ಥ. ಮಾಲಕನ ಇಂಜಿನಿಯರನು ಸಿ-1 ಎಂದರೆ, ದುರಸ್ತಿಯಿಂದ ಉಳಿದೀತೆಂದು ಬಾಡಿಗೆದಾರರ ಇಂಜಿನಿಯರನು ಹೇಳಿದರೆ, ವಿಷಯವು ನಗರಪಾಲಿಕೆಯ ತಾಂತ್ರಿಕ ಸಲಹಾ ಸಮಿತಿಯ ಮುಂದೆ ಹೋಗುತ್ತದೆ. ಎರಡನೆಯದು: ಅಪಾಯಕಾರಿ ಕಟ್ಟಡವನ್ನು ಕೆಡಹುವ ಮೊದಲು ಬಾಡಿಗೆದಾರರ ಹೆಸರನ್ನೂ ಪ್ರತಿಯೊಬ್ಬನ ಜಾಗದ ಅಳತೆಯನ್ನೂ ನಗರಪಾಲಿಕೆ ದಾಖಲಿಸಬೇಕು. ಕಟ್ಟಡ ಬಿದ್ದರೂ ಬಾಡಿಗೆಯ ಹಕ್ಕು ಬೀಳುವುದಿಲ್ಲ. ಆ ದಾಖಲೆಯ ನಕಲನ್ನು ಪಡೆಯದೆ ಮೆಟ್ಟಲಿಳಿಯಬಾರದು. ಮೂರನೆಯದು: ಮ್ಹಾಡಾ ಕಾಯಿದೆಗೆ ಸೇರಿಸಿದ 79-ಎ ಕಲಮು. ಅಪಾಯಕಾರಿಯೆಂದು ಸಾರಲ್ಪಟ್ಟ ಸೆಸ್ ಕಟ್ಟಡವನ್ನು ಕಟ್ಟಲು ಮೊದಲು ಮಾಲಕನಿಗೆ ಆರು ತಿಂಗಳ ಅವಕಾಶ. ಅವನು ಮುಂದೆ ಬಾರದಿದ್ದರೆ ಬಾಡಿಗೆದಾರರ ಸಂಘಕ್ಕೆ ಆರು ತಿಂಗಳು. ಅವರಿಂದಲೂ ಆಗದಿದ್ದರೆ ಮ್ಹಾಡಾವೇ ವಹಿಸಿಕೊಳ್ಳಬಹುದು. ಬಾಡಿಗೆದಾರರ ಪಾಲಿನ ಆ ಆರು ತಿಂಗಳು ಜಗಳದಲ್ಲಿ ಕಳೆದುಹೋಗದಂತೆ ನೋಡಿಕೊಳ್ಳುವುದು ಚಾಳಿನವರ ಕೈಯಲ್ಲಿದೆ.

ಕಾಗದಪತ್ರಗಳ ವಿಷಯ ಹೇಳುವುದಾದರೆ: ಬಾಡಿಗೆಯ ರಸೀದಿ, ವಿದ್ಯುತ್ ಬಿಲ್ಲು, ರೇಷನ್ ಕಾರ್ಡು, ಮತದಾರರ ಪಟ್ಟಿಯ ಹೆಸರು, ಹೋಟೆಲಿನ ಗುಮಾಸ್ತಾ ಲೈಸೆನ್ಸು, ಆರೋಗ್ಯ ಪರವಾನಗಿ. ಇವುಗಳ ನಕಲುಗಳನ್ನು ಎರಡು ಕಡೆ ಇಡಬೇಕು. ಒಂದು ಇಲ್ಲಿ, ಒಂದು ಊರಿನಲ್ಲಿ. ತಂದೆಯ ಹೆಸರಿನಲ್ಲಿರುವ ರಸೀದಿಯನ್ನು ತಂದೆ ಬದುಕಿರುವಾಗಲೇ ಕ್ರಮಪಡಿಸಿಕೊಂಡರೆ ಅಣ್ಣ ತಮ್ಮಂದಿರು ನ್ಯಾಯಾಲಯದ ಕಟ್ಟೆ ಹತ್ತುವುದು ತಪ್ಪುತ್ತದೆ. ಕಂಡಕ್ಟಿಂಗ್ ಕರಾರನ್ನು ಹೊಸದಾಗಿ ಬರೆಯುವವರು, ಕಟ್ಟಡ ಪುನರ್ನಿರ್ಮಾಣಕ್ಕೆ ಹೋದರೆ ತಮ್ಮ ಠೇವಣಿ ಯಾವಾಗ ಹಿಂದಿರುಗಬೇಕು, ಹೊಸ ಜಾಗವನ್ನು ನಡೆಸಲು ಮೊದಲ ಅವಕಾಶ ಯಾರಿಗೆ ಎಂಬ ಎರಡು ವಾಕ್ಯಗಳನ್ನು ಅದರಲ್ಲಿ ಸೇರಿಸಲಿ.

ಕೊನೆಯದಾಗಿ ಗುಮಾಸ್ತ ಬಂಧುಗಳಲ್ಲಿ ಒಂದು ಬಿನ್ನಹ. ಈ ನಗರದಲ್ಲಿ ನಮ್ಮ ಸಂಘಗಳಿಗೆ ಕೊರತೆಯಿಲ್ಲ. ಹಗಲೆಲ್ಲ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರಿಂದಲೇ ಅವುಗಳಲ್ಲಿ ಎಷ್ಟೋ ಬೆಳೆದು ಬಂದವು. ಯಕ್ಷಗಾನಕ್ಕೂ ಗಣೇಶೋತ್ಸವಕ್ಕೂ ಕೂಡುವ ಆ ಸಭಾಗೃಹಗಳಲ್ಲಿ ತಿಂಗಳಿಗೊಂದು ಸಂಜೆ, ಮರಾಠಿ ಇಂಗ್ಲಿಷುಗಳನ್ನು ಬಲ್ಲವರು ಇಬ್ಬರು ಕುಳಿತು, ನಮ್ಮವರು ತಂದ ನೋಟೀಸುಗಳನ್ನು ಕನ್ನಡದಲ್ಲಿ ಓದಿ ಹೇಳಬಾರದೇಕೆ? ಇದಕ್ಕೆ ನಿಧಿ ಬೇಡ, ಕಟ್ಟಡ ಬೇಡ, ಅಧ್ಯಕ್ಷರ ಭಾಷಣವೂ ಬೇಡ. ಒಂದು ಮೇಜು, ಎರಡು ಕುರ್ಚಿ, ಕಚೇರಿಯಲ್ಲಿ ದಿನವಿಡೀ ಕಾಗದ ಓದುವ ಅಭ್ಯಾಸವಿರುವ ಒಬ್ಬನ ಎರಡು ಗಂಟೆಗಳ ಹೊತ್ತು ಸಾಕು.

ಮೆಟ್ಟಲ ಬುಡದ ಆ ಕಾಗದವನ್ನು ಮಾಣಿ ತಾನೇ ಓದಲಾರನೇನೋ. ಆದರೆ ಕಳಚಿ ಬೀಳುವ ಮೊದಲು ಅದರ ಚಿತ್ರವನ್ನು ಫೋನಿನಲ್ಲಿ ಹಿಡಿದು, ಓದಬಲ್ಲವನ ಬಳಿಗೆ ಒಯ್ಯಬಲ್ಲನು. ಅವನು ಬಂದಾಗ ಆ ಕುರ್ಚಿಯಲ್ಲಿ ಯಾರಾದರೂ ಕುಳಿತಿರಬೇಕು.